ಆಕ್ಯುರಸಿ ಬೇರೆ, ಪ್ರಿಸಿಷನ್ ಬೇರೆ

ಪಿಯುಸಿ ವಿದ್ಯಾರ್ಥಿಗಳು ಭೌತಶಾಸ್ತ್ರದ ಪ್ರಯೋಗಾಲಯಕ್ಕೆ ಕಾಲಿಟ್ಟ ಮೊದಲ ವಾರಗಳಲ್ಲೇ ಎದುರಾಗುವ ಪ್ರಶ್ನೆಯೊಂದಿದೆ. 'ಆಕ್ಯುರಸಿಗೂ ಪ್ರಿಸಿಷನ್‌ಗೂ ಏನು ವ್ಯತ್ಯಾಸ?' ವರ್ನಿಯರ್ ಕ್ಯಾಲಿಪರ್ಸನ್ನು ಸರಾಗವಾಗಿ ಓದಬಲ್ಲವರು, ಸೂತ್ರಗಳನ್ನು ತಪ್ಪಿಲ್ಲದೆ ಒಪ್ಪಿಸಬಲ್ಲವರು ಸಹ ಇಲ್ಲಿ ತಡವರಿಸುತ್ತಾರೆ. 'ಎರಡೂ ಒಂದೇ ಸಾರ್' ಎಂದು ಹೇಳಿ ಪಾರಾಗಲು ನೋಡುವವರೂ ಉಂಟು.

ತಪ್ಪು ಪೂರ್ತಿಯಾಗಿ ವಿದ್ಯಾರ್ಥಿಗಳದ್ದಲ್ಲ. ಕನ್ನಡದ ದಿನಬಳಕೆಯಲ್ಲಿ ಎರಡಕ್ಕೂ ನಾವು 'ನಿಖರ' ಎಂಬ ಒಂದೇ ಪದವನ್ನು ಬಳಸುತ್ತೇವೆ. ಹವಾಮಾನದ ಮುನ್ಸೂಚನೆ ನಿಖರವಾಗಿತ್ತು ಎನ್ನುತ್ತೇವೆ. ನಿಖರವಾದ ಸಮಯ ಹೇಳಿ ಎಂದೂ ಕೇಳುತ್ತೇವೆ. ಮೊದಲನೆಯದರಲ್ಲಿ ನಿಖರ ಎಂದರೆ 'ನಿಜವಾಯಿತು' ಎಂದರ್ಥ. ಎರಡನೆಯದರಲ್ಲಿ 'ಗಂಟೆ, ನಿಮಿಷ ಬಿಡಿಸಿ ಹೇಳಿ' ಎಂದರ್ಥ. ಇಂಗ್ಲಿಷಿನಲ್ಲಿ ಈ ಎರಡು ಅರ್ಥಗಳಿಗೆ ಎರಡು ಪದಗಳಿವೆ. ವಿಜ್ಞಾನವಂತೂ ಅವೆರಡರ ನಡುವೆ ಸ್ಪಷ್ಟವಾದ ಗೆರೆ ಎಳೆದಿದೆ.

ಈ ಗೆರೆಯನ್ನು ಅರಿತುಕೊಳ್ಳುವುದು ಎರಡು ಅಂಕದ ಪ್ರಶ್ನೆಗಷ್ಟೇ ಬೇಕಾದ ಸಂಗತಿಯಲ್ಲ. ಮಗುವಿನ ಜ್ವರ ನೋಡುವಾಗ, ಅಜ್ಜಿಯ ಸಕ್ಕರೆ ಕಾಯಿಲೆಯ ಪರೀಕ್ಷೆ ಮಾಡುವಾಗ, ಅಂಗಡಿಯಲ್ಲಿ ಬೇಳೆ ತೂಗಿಸುವಾಗ, ಕೊನೆಗೆ ಅಂಕಪಟ್ಟಿಯನ್ನು ಕೈಯಲ್ಲಿ ಹಿಡಿದಾಗಲೂ ಇದು ಬೇಕಾಗುತ್ತದೆ.

ಮಾವಿನ ಮರದ ಕೆಳಗೆ

ಮಾವಿನ ಮರವೊಂದರಲ್ಲಿ ಒಂದೇ ಒಂದು ಹಣ್ಣು ತೂಗಾಡುತ್ತಿದೆ ಎಂದುಕೊಳ್ಳೋಣ. ನಾಲ್ವರು ಹುಡುಗರು ಸರದಿಯಂತೆ ತಲಾ ಐದು ಕಲ್ಲು ಬೀರುತ್ತಾರೆ.

ಮೊದಲನೆಯವನ ಕಲ್ಲುಗಳು ದಿಕ್ಕಾಪಾಲಾಗಿ ಹೋದವು. ಒಂದು ಕೊಂಬೆಗೆ, ಇನ್ನೊಂದು ಬುಡಕ್ಕೆ, ಮತ್ತೊಂದು ಪಕ್ಕದ ಮನೆಯ ಹೆಂಚಿಗೆ! ಎರಡನೆಯವನ ಐದೂ ಕಲ್ಲುಗಳು ಹಣ್ಣಿನಿಂದ ಒಂದು ಮೊಳ ಎಡಕ್ಕೆ, ಒಂದೇ ಎಲೆಗೊಂಚಲಿಗೆ ಬಡಿದವು. ಮೂರನೆಯವನ ಕಲ್ಲುಗಳು ಹಣ್ಣಿನ ಸುತ್ತಲೂ ಹಾದುಹೋದವು. ಒಂದು ತುಸು ಮೇಲೆ, ಒಂದು ತುಸು ಕೆಳಗೆ, ಒಂದು ಬಲಕ್ಕೆ, ಒಂದು ಎಡಕ್ಕೆ, ಒಂದು ಸವರಿಕೊಂಡು. ನಾಲ್ಕನೆಯವನ ಐದೂ ಕಲ್ಲುಗಳು ಹಣ್ಣಿನ ತೊಟ್ಟಿಗೇ ತಗುಲಿದವು.

ಗುರಿಗೆ ಎಷ್ಟು ಹತ್ತಿರ ಎಂಬುದು ಆಕ್ಯುರಸಿ. ಐದು ಕಲ್ಲುಗಳು ಒಂದಕ್ಕೊಂದು ಎಷ್ಟು ಹತ್ತಿರ ಎಂಬುದು ಪ್ರಿಸಿಷನ್. ಮೊದಲನೆಯವನಲ್ಲಿ ಎರಡೂ ಇಲ್ಲ. ನಾಲ್ಕನೆಯವನಲ್ಲಿ ಎರಡೂ ಇವೆ. ಎರಡನೆಯವನಲ್ಲಿ ಪ್ರಿಸಿಷನ್ ಇದೆ, ಆಕ್ಯುರಸಿ ಇಲ್ಲ. ಮೂರನೆಯವನಲ್ಲಿ ಪ್ರಿಸಿಷನ್ ಕಡಿಮೆ. ಆದರೆ ಐದನ್ನೂ ಸೇರಿಸಿ ಸರಾಸರಿ ತೆಗೆದರೆ ಅದು ಹಣ್ಣಿನ ಮೇಲೇ ಬೀಳುತ್ತದೆ.

ಇಷ್ಟನ್ನು ಪಠ್ಯಪುಸ್ತಕಗಳೂ ಹೇಳುತ್ತವೆ. ಮುಂದಿನ ಹೆಜ್ಜೆ ಮುಖ್ಯವಾದುದು. ಈಗ ಮರಕ್ಕೆ ದಟ್ಟವಾದ ಮಂಜು ಕವಿದಿದೆ, ಹಣ್ಣು ಕಾಣುತ್ತಿಲ್ಲ, ಕಲ್ಲು ಬಡಿದ ಜಾಗಗಳು ಮಾತ್ರ ಕಾಣುತ್ತಿವೆ ಎಂದುಕೊಳ್ಳಿ. ಎರಡನೆಯ ಮತ್ತು ನಾಲ್ಕನೆಯ ಹುಡುಗರ ಕಲ್ಲುಗಳು ಒಂದೇ ಕಡೆ ಬಿದ್ದಿವೆ ಎಂಬುದನ್ನು ಈಗಲೂ ಹೇಳಬಹುದು. ಇಬ್ಬರಲ್ಲಿ ಯಾರು ಹಣ್ಣಿಗೆ ಹೊಡೆದವರು? ಅದನ್ನು ಹೇಳಲು ಸಾಧ್ಯವೇ ಇಲ್ಲ.

ವಿಜ್ಞಾನಿಯ ಸ್ಥಿತಿ ಬಹುಪಾಲು ಹೀಗೆಯೇ ಇರುತ್ತದೆ. ಅಳತೆಗಳು ಕಣ್ಣ ಮುಂದಿರುತ್ತವೆ, ನಿಜವಾದ ಬೆಲೆ ಮಂಜಿನ ಹಿಂದಿರುತ್ತದೆ. ಪ್ರಿಸಿಷನ್ ಎಷ್ಟಿದೆ ಎಂಬುದನ್ನು ಅಳತೆಗಳೇ ಹೇಳುತ್ತವೆ. ಆಕ್ಯುರಸಿ ಎಷ್ಟಿದೆ ಎಂದು ತಿಳಿಯಬೇಕಾದರೆ ಹೊರಗಿನ ಸಾಕ್ಷಿಯೊಂದು ಬೇಕೇ ಬೇಕು.

ಕಾಳಜಿ ಮತ್ತು ಕತ್ತರಿ

ಪದಗಳ ಮೂಲವನ್ನು ಹುಡುಕಿದರೂ ಈ ವ್ಯತ್ಯಾಸದ ಸುಳಿವು ಸಿಗುತ್ತದೆ. 'ಆಕ್ಯುರೇಟ್' ಎಂಬುದರ ಹಿಂದೆ ಇರುವುದು ಲ್ಯಾಟಿನ್ ಭಾಷೆಯ 'ಕ್ಯೂರಾ' ಎಂಬ ಪದ. ಅದರ ಅರ್ಥ ಕಾಳಜಿ. ಕಾಳಜಿ ವಹಿಸಿ ಮಾಡಿದ್ದು ಆಕ್ಯುರೇಟ್. ರೋಗ ಗುಣಪಡಿಸುವ 'ಕ್ಯೂರ್', ವಸ್ತುಸಂಗ್ರಹಾಲಯವನ್ನು ನೋಡಿಕೊಳ್ಳುವ 'ಕ್ಯುರೇಟರ್' ಇವೆಲ್ಲ ಇದೇ ಬಳ್ಳಿಯ ಕಾಯಿಗಳು.

'ಪ್ರಿಸೈಸ್' ಎಂಬುದು ಬಂದಿರುವುದು ಕತ್ತರಿಸುವುದು ಎಂಬ ಅರ್ಥದ ಲ್ಯಾಟಿನ್ ಕ್ರಿಯಾಪದದಿಂದ. ಬೇಡವಾದದ್ದನ್ನು ಕತ್ತರಿಸಿ ತೆಗೆದು ಅಂಚು ಸ್ಪಷ್ಟವಾಗಿ ಕಾಣುವಂತೆ ಮಾಡಿದ್ದು ಪ್ರಿಸೈಸ್. ಶಸ್ತ್ರಚಿಕಿತ್ಸೆಯ 'ಇನ್ಸಿಷನ್', ನಿರ್ಧಾರ ಎಂಬ ಅರ್ಥದ 'ಡಿಸಿಷನ್' ಇದರ ದಾಯಾದಿಗಳು. ಇಂಗ್ಲಿಷ್ ಪರೀಕ್ಷೆಯಲ್ಲಿ ಗದ್ಯಭಾಗವನ್ನು ಮೂರನೇ ಒಂದು ಭಾಗಕ್ಕೆ ಇಳಿಸಿ ಬರೆಯಿರಿ ಎಂದು ಕೇಳುವ 'ಪ್ರೆಸಿ' ಬರವಣಿಗೆ ನೆನಪಿದೆಯೆ? ಅದೂ ಇದೇ ಮನೆತನದ ಪದ, ಫ್ರೆಂಚ್ ಹಾದಿಯಲ್ಲಿ ಬಂದದ್ದು. ಅಲ್ಲಿಯೂ ಕತ್ತರಿಯದೇ ಕೆಲಸ.

ಹೀಗಾಗಿ ಆಕ್ಯುರೇಟ್ ಎಂಬ ಪದ ನಿಜದ ಕಡೆಗೆ ಬೆರಳು ತೋರಿಸುತ್ತದೆ. ಪ್ರಿಸೈಸ್ ಎಂಬುದು ಸ್ಪಷ್ಟತೆಯ ಕಡೆಗೆ, ವಿವರದ ಕಡೆಗೆ ಬೆರಳು ತೋರಿಸುತ್ತದೆ.

ಬೆಂಗಳೂರಿನಿಂದ ಮೈಸೂರಿಗೆ ಎಷ್ಟು ದೂರ ಎಂದು ಯಾರೋ ಕೇಳಿದರು. 'ಸುಮಾರು 145 ಕಿಲೋಮೀಟರ್' ಎಂದು ಒಬ್ಬರು ಹೇಳಿದರು. ಇನ್ನೊಬ್ಬರು '212.37 ಕಿಲೋಮೀಟರ್' ಎಂದರು. ಮೊದಲ ಉತ್ತರ ಆಕ್ಯುರೇಟ್, ಅಷ್ಟೊಂದು ಪ್ರಿಸೈಸ್ ಅಲ್ಲ. ಎರಡನೆಯದು ಬಹಳ ಪ್ರಿಸೈಸ್, ಆದರೆ ತಪ್ಪು. ವಿಚಿತ್ರವೆಂದರೆ, ಊರಿನ ಪರಿಚಯವಿಲ್ಲದ ವ್ಯಕ್ತಿ ನಂಬುವ ಸಂಭವ ಹೆಚ್ಚಿರುವುದು ಎರಡನೆಯ ಉತ್ತರವನ್ನೇ. ದಶಮಾಂಶ ಬಿಂದುವಿನ ನಂತರ ಎರಡು ಅಂಕಿಗಳನ್ನು ಹೇಳಬಲ್ಲವನು ತಿಳಿದೇ ಹೇಳುತ್ತಿರಬೇಕು ಎಂಬ ಭಾವನೆ ತಾನಾಗಿಯೇ ಬಂದುಬಿಡುತ್ತದೆ. ಮೋಸ ಹೋಗುವುದು ಇಲ್ಲಿಯೇ.

ಎರಡು ಪದಗಳಲ್ಲಿ ಯಾವುದನ್ನು ಬಳಸಬೇಕೆಂದು ಗೊಂದಲವಾದಾಗ ಅವುಗಳ ವಿರುದ್ಧ ಪದಗಳನ್ನು ನೆನೆಯುವುದು ಒಳ್ಳೆಯ ಉಪಾಯ. 'ಇನ್‌ಆಕ್ಯುರೇಟ್' ಎಂದರೆ ತಪ್ಪು. 'ಇಂಪ್ರಿಸೈಸ್' ಎಂದರೆ ಅಸ್ಪಷ್ಟ, ಮೊಗಮ್ಮು. ವರದಿಯಲ್ಲಿ ದೋಷವಿದ್ದರೆ ಅದು ಯಾವ ಬಗೆಯದು, ತಪ್ಪೋ ಅಸ್ಪಷ್ಟವೋ ಎಂದು ಕೇಳಿಕೊಂಡರೆ ಸರಿಯಾದ ಪದ ತಾನಾಗಿ ಹೊಳೆಯುತ್ತದೆ. ಮೂಲಕ್ಕೆ ನಿಷ್ಠವಾದ ಅನುವಾದ 'ಆಕ್ಯುರೇಟ್ ಟ್ರಾನ್ಸ್‌ಲೇಷನ್'. ಇದ್ದದ್ದನ್ನು ಇದ್ದಂತೆ ತೋರಿಸುವ ನಕ್ಷೆ 'ಆಕ್ಯುರೇಟ್ ಮ್ಯಾಪ್'. ಯಾವ ಗೊಂದಲಕ್ಕೂ ಎಡೆಗೊಡದ ಸೂಚನೆಗಳು 'ಪ್ರಿಸೈಸ್ ಇನ್‌ಸ್ಟ್ರಕ್ಷನ್ಸ್'. ಮಾತಿನ ನಡುವೆ ಇನ್ನಷ್ಟು ವಿವರ ಸೇರಿಸುವಾಗ 'ಟು ಬಿ ಪ್ರಿಸೈಸ್' ಎನ್ನುತ್ತಾರೆಯೇ ಹೊರತು 'ಟು ಬಿ ಆಕ್ಯುರೇಟ್' ಎನ್ನುವುದು ಕಡಿಮೆ. ಹಾಗೆಂದರೆ ಮೊದಲು ಹೇಳಿದ್ದನ್ನು ತಿದ್ದುತ್ತಿದ್ದಾರೆ ಎಂಬ ಅರ್ಥ ಬರುತ್ತದೆ. ನ್ಯಾಯಾಲಯದಲ್ಲಿ ಸಾಕ್ಷಿಯ ಹೇಳಿಕೆ ಆಕ್ಯುರೇಟೇ ಎಂದು ಕೇಳಿದರೆ ಅದು ನಿಜವೇ ಎಂದರ್ಥ. ಇನ್ನಷ್ಟು ಪ್ರಿಸೈಸ್ ಆಗಿ ಹೇಳಿ ಎಂದರೆ ದಿನ, ಗಂಟೆ, ಜಾಗ ಬಿಡಿಸಿ ಹೇಳಿ ಎಂದರ್ಥ.

ಲೋಲಕದ ಪಾಠ

ಶಾಲಾ ಪ್ರಯೋಗಾಲಯದ ಸರಳ ಲೋಲಕವನ್ನೇ ತೆಗೆದುಕೊಳ್ಳೋಣ. ದಾರದ ತುದಿಗೆ ಲೋಹದ ಗುಂಡು ಕಟ್ಟಿ, ತೂಗಾಟದ ಅವಧಿ ಅಳೆದು, ಗುರುತ್ವ ವೇಗೋತ್ಕರ್ಷದ ಬೆಲೆಯನ್ನು ಕಂಡುಹಿಡಿಯುವ ಪ್ರಯೋಗ. ಬೆಂಗಳೂರಿನಲ್ಲಿ ಈ ಬೆಲೆ ಸುಮಾರು 9.78 ಮೀಟರ್ ಪ್ರತಿ ಸೆಕೆಂಡ್ ವರ್ಗ.

ಒಂದು ತಂಡಕ್ಕೆ ನಾಲ್ಕು ಸಲ ಬಂದ ಉತ್ತರ 9.62, 9.63, 9.62, 9.61 ಎಂದುಕೊಳ್ಳಿ. ಪಕ್ಕದ ತಂಡಕ್ಕೆ ಬಂದದ್ದು 9.5, 10.1, 9.7, 9.9. ಮೊದಲ ತಂಡದವರು ತಮ್ಮ ಉತ್ತರಗಳು ಅಚ್ಚು ಹಾಕಿದಂತೆ ಬಂದವೆಂದು ಹಿಗ್ಗುತ್ತಾರೆ. ಎರಡನೆಯ ತಂಡದವರು ತಲೆ ತಗ್ಗಿಸುತ್ತಾರೆ. ಸರಾಸರಿ ತೆಗೆದಾಗ ಮೊದಲನೆಯವರದು 9.62, ಎರಡನೆಯವರದು 9.8. ನಿಜಕ್ಕೆ ಹತ್ತಿರವಾದದ್ದು ಎರಡನೆಯದೇ!

ಮೊದಲ ತಂಡದವರು ಮಾಡಿದ ತಪ್ಪೇನು? ಅವರು 60 ಸೆಂಟಿಮೀಟರ್ ದಾರವನ್ನು ಸರಿಯಾಗಿ ಅಳೆದರು. ಗುಂಡಿನ ತ್ರಿಜ್ಯವಾದ 1 ಸೆಂಟಿಮೀಟರನ್ನು ಕೂಡಿಸಲು ಮರೆತರು. ಲೋಲಕದ ಉದ್ದ ಗುಂಡಿನ ಕೇಂದ್ರದವರೆಗೆ, ಅಂದರೆ 61 ಸೆಂಟಿಮೀಟರ್ ಆಗಬೇಕಿತ್ತು. 9.78ನ್ನು 60ರಿಂದ ಗುಣಿಸಿ 61ರಿಂದ ಭಾಗಿಸಿ ನೋಡಿ, 9.62 ಬರುತ್ತದೆ. ಗಡಿಯಾರ ಒತ್ತುವ ಕೈ ಎಷ್ಟೇ ಚುರುಕಾಗಿದ್ದರೂ, ಪ್ರಯೋಗವನ್ನು ನೂರು ಸಲ ಮಾಡಿದರೂ ಈ ತಪ್ಪು ಹೋಗುವುದಿಲ್ಲ. ಅದು ಪ್ರತಿ ಅಳತೆಯಲ್ಲೂ ಒಂದೇ ಕಡೆಗೆ ಎಳೆಯುತ್ತದೆ. ಇದಕ್ಕೆ ವ್ಯವಸ್ಥಿತ ದೋಷ ಎಂದು ಹೆಸರು. ಕೈ ನಡುಗಿಯೋ ಕಣ್ಣು ತಪ್ಪಿಯೋ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಬರುವುದು ಯಾದೃಚ್ಛಿಕ ದೋಷ. ಸರಾಸರಿ ಎಂಬ ಔಷಧಿ ಕೆಲಸ ಮಾಡುವುದು ಎರಡನೆಯ ಕಾಯಿಲೆಗೆ ಮಾತ್ರ.

ವರ್ನಿಯರ್ ಕ್ಯಾಲಿಪರ್ಸಿನಲ್ಲಿ ಅಧ್ಯಾಪಕರು ಮೊದಲು ದವಡೆಗಳನ್ನು ಮುಚ್ಚಿ ಶೂನ್ಯ ದೋಷ ನೋಡಿ ಎನ್ನುವುದೂ ಇದಕ್ಕೇ. ಉಪಕರಣದ ಲೀಸ್ಟ್ ಕೌಂಟ್ 0.01 ಸೆಂಟಿಮೀಟರ್ ಎಂದಮಾತ್ರಕ್ಕೆ ಅಳತೆ ಅಷ್ಟರ ಮಟ್ಟಿಗೆ ನಿಜವೆಂದಲ್ಲ. ಲೀಸ್ಟ್ ಕೌಂಟ್ ಹೇಳುವುದು ಉಪಕರಣ ಎಷ್ಟು ಸಣ್ಣದನ್ನು ಓದಬಲ್ಲದು ಎಂಬುದನ್ನು. ಅದು ಓದಿದ್ದು ನಿಜವೋ ಎಂಬುದನ್ನು ಶೂನ್ಯ ದೋಷ ನೋಡಿ ತಿಳಿಯಬೇಕು.

ಆಕಾಶದಲ್ಲಿ ಮಸುಕಾದ ಕಣ್ಣು

ಒಂದು ಸೆಂಟಿಮೀಟರ್ ಮರೆತರೆ ವಿದ್ಯಾರ್ಥಿಗೆ ಒಂದೆರಡು ಅಂಕ ಹೋಗಬಹುದು. ಇದೇ ಜಾತಿಯ ತಪ್ಪು ದೊಡ್ಡವರ ಕೈಯಲ್ಲಿ ನಡೆದಾಗ ಏನಾಯಿತೆಂಬುದಕ್ಕೆ ಹಬಲ್ ದೂರದರ್ಶಕದ ಕಥೆಯೇ ಸಾಕ್ಷಿ.

ಅಮೆರಿಕದ ನಾಸಾ ಸಂಸ್ಥೆ ಹಬಲ್ ಬಾಹ್ಯಾಕಾಶ ದೂರದರ್ಶಕವನ್ನು 1990ರ ಏಪ್ರಿಲ್ 24ರಂದು ಹಾರಿಸಿತು. ಅದರ ಮುಖ್ಯ ಕನ್ನಡಿಯ ಅಗಲ 2.4 ಮೀಟರ್. ಕೆಲವೇ ವಾರಗಳಲ್ಲಿ ಬಂದ ಚಿತ್ರಗಳನ್ನು ನೋಡಿ ಖಗೋಳ ವಿಜ್ಞಾನಿಗಳಿಗೆ ದಿಗಿಲಾಯಿತು. ನಕ್ಷತ್ರಗಳು ಚುಕ್ಕೆಗಳಂತೆ ಕಾಣದೆ ಸುತ್ತಲೂ ಮಸುಕು ಹರಡಿಕೊಂಡಿದ್ದವು. ಜೂನ್ ತಿಂಗಳಲ್ಲಿ ದೋಷವನ್ನು ಬಹಿರಂಗವಾಗಿ ಒಪ್ಪಿಕೊಳ್ಳಬೇಕಾಯಿತು.

ಕನ್ನಡಿಯನ್ನು ಒರಟಾಗಿ ಉಜ್ಜಿದ್ದರೆ? ಖಂಡಿತ ಇಲ್ಲ. ಅಷ್ಟು ನಯವಾದ ದೊಡ್ಡ ಕನ್ನಡಿಗಳು ಆ ಕಾಲಕ್ಕೆ ಬಲು ಅಪರೂಪ. ಆದರೆ ಅದನ್ನು ಅಷ್ಟು ನಾಜೂಕಾಗಿ ಉಜ್ಜಿದ್ದು ತಪ್ಪು ಆಕಾರಕ್ಕೆ. ಅಂಚಿನಲ್ಲಿ ಅದು ಇರಬೇಕಾದದ್ದಕ್ಕಿಂತ ಸುಮಾರು 2.2 ಮೈಕ್ರೋಮೀಟರಿನಷ್ಟು ಚಪ್ಪಟೆಯಾಗಿತ್ತು. ಇದು ಕೂದಲೆಳೆಯ ದಪ್ಪದ ಐವತ್ತನೇ ಒಂದು ಭಾಗದಷ್ಟು. ಕನ್ನಡಿಯ ಆಕಾರವನ್ನು ಪರೀಕ್ಷಿಸುವ ಉಪಕರಣದೊಳಗೆ ಒಂದು ಮಸೂರ 1.3 ಮಿಲಿಮೀಟರಿನಷ್ಟು ಸ್ಥಾನ ತಪ್ಪಿ ಕುಳಿತಿತ್ತು. ಉಜ್ಜುವವರು ಆ ಉಪಕರಣ ಹೇಳಿದಂತೆ ಚಾಚೂ ತಪ್ಪದೆ ಕೆಲಸ ಮಾಡಿದ್ದರು. ಎರಡನೆಯ ಹುಡುಗನ ಕಲ್ಲುಗಳು ಒಂದೇ ಎಲೆಗೊಂಚಲಿಗೆ ಬಡಿದ ಹಾಗೆ.

ಇನ್ನೂ ದುಃಖದ ಸಂಗತಿಯೊಂದಿದೆ. ಕನ್ನಡಿ ಭೂಮಿಯ ಮೇಲೆ ಇದ್ದಾಗಲೇ ಬೇರೆ ಎರಡು ಸರಳ ಉಪಕರಣಗಳು ದೋಷದ ಸುಳಿವು ಕೊಟ್ಟಿದ್ದವು. ಅವು ಮುಖ್ಯ ಉಪಕರಣದಷ್ಟು ಸೂಕ್ಷ್ಮವಾದವಲ್ಲ ಎಂದು ಅವುಗಳ ಮಾತನ್ನು ಪಕ್ಕಕ್ಕೆ ಸರಿಸಲಾಯಿತು. ಹೊರಗಿನ ಸಾಕ್ಷಿ ಬಂದು ಬಾಗಿಲು ತಟ್ಟಿತ್ತು, ತೆರೆಯುವವರಿರಲಿಲ್ಲ.

ಆದರೂ ಈ ಕಥೆಗೆ ಒಳ್ಳೆಯ ಮುಕ್ತಾಯವಿದೆ. ಕನ್ನಡಿ ತಪ್ಪಾಗಿದ್ದರೂ ಎಲ್ಲ ಕಡೆಯೂ ಒಂದೇ ಕ್ರಮದಲ್ಲಿ ತಪ್ಪಾಗಿತ್ತು. ಆದ್ದರಿಂದ ತಪ್ಪು ಎಷ್ಟೆಂದು ಲೆಕ್ಕ ಹಾಕಿ, ಅದಕ್ಕೆ ಸರಿಯಾಗಿ ಎದುರಾದ ತಿದ್ದುಪಡಿಯನ್ನು ಮಾಡುವುದು ಸಾಧ್ಯವಾಯಿತು. 1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಮೇಲೇರಿ ತಿದ್ದುವ ಸಾಧನಗಳನ್ನು ಜೋಡಿಸಿದರು. ಕಣ್ಣಿಗೆ ಕನ್ನಡಕ ಹಾಕಿದಂತಾಯಿತು. ಆ ನಂತರ ಹಬಲ್ ಕಳುಹಿಸಿದ ಚಿತ್ರಗಳು ಜಗತ್ತಿನ ಪಠ್ಯಪುಸ್ತಕಗಳನ್ನೆಲ್ಲ ಅಲಂಕರಿಸಿವೆ.

ಪ್ರಿಸಿಷನ್ ನಿಷ್ಪ್ರಯೋಜಕವಲ್ಲ ಎಂಬುದಕ್ಕೂ ಇದು ನಿದರ್ಶನ. ಮಗ ಶಾಲಾ ಬಸ್ಸು ತಪ್ಪಿಸಿಕೊಳ್ಳದಿರಲಿ ಎಂದು ಎಷ್ಟೋ ಮನೆಗಳಲ್ಲಿ ಗೋಡೆ ಗಡಿಯಾರವನ್ನು ಐದು ನಿಮಿಷ ಮುಂದಿಟ್ಟಿರುತ್ತಾರೆ. ಅದು ಪ್ರಿಸೈಸ್, ಆಕ್ಯುರೇಟ್ ಅಲ್ಲ. ಐದು ನಿಮಿಷ ಮುಂದಿದೆ ಎಂಬುದು ಗೊತ್ತಿರುವವರೆಗೆ ಅದರಿಂದ ತೊಂದರೆಯಿಲ್ಲ, ಕಳೆದರೆ ಮುಗಿಯಿತು. ಒಂದು ದಿನ ಐದು ನಿಮಿಷ ಮುಂದೆ, ಮರುದಿನ ಏಳು ನಿಮಿಷ ಹಿಂದೆ ಓಡುವ ಗಡಿಯಾರವನ್ನು ತಿದ್ದಿಕೊಳ್ಳುವುದು ಹೇಗೆ?

ಬೆಂಗಳೂರಿನಲ್ಲಿ ಅಳೆದ ಗೆರೆ

ಹೊರಗಿನ ಸಾಕ್ಷಿಯ ಬೆಲೆ ಅರಿತಿದ್ದವರು ಎರಡು ಶತಮಾನಗಳ ಹಿಂದೆ ನಮ್ಮ ನೆಲದ ಮೇಲೆಯೇ ಕೆಲಸ ಮಾಡಿದ್ದಾರೆ. ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಸುಮಾರು ಏಳೂವರೆ ಮೈಲಿ ಉದ್ದದ ನೇರ ಗೆರೆಯೊಂದನ್ನು 100 ಅಡಿಯ ಉಕ್ಕಿನ ಸರಪಳಿಯಿಂದ ಅಳೆದನು. ಭಾರತದ ಮಹಾ ತ್ರಿಕೋನಮಿತಿ ಸರ್ವೆ ಎಂದು ಹೆಸರಾದ ಕಾರ್ಯ ಆರಂಭವಾದದ್ದು ಹೀಗೆ. ಆ ಗೆರೆಯನ್ನು ಆಧಾರವಾಗಿಟ್ಟುಕೊಂಡು, ಥಿಯೊಡೊಲೈಟಿನಿಂದ ಕೋನಗಳನ್ನು ಅಳೆಯುತ್ತ, ತ್ರಿಕೋನದ ಮೇಲೆ ತ್ರಿಕೋನ ಹೆಣೆಯುತ್ತ ಅವನ ತಂಡ ಪಶ್ಚಿಮಕ್ಕೆ ನಡೆಯಿತು.

ಪ್ರತಿ ಕೋನವನ್ನೂ ಹಲವು ಸಲ ಅಳೆಯುತ್ತಿದ್ದರು. ಅಳತೆಗಳು ಪರಸ್ಪರ ಹೊಂದುತ್ತಿದ್ದವು. ಅಷ್ಟಕ್ಕೇ ತೃಪ್ತನಾಗದ ಲ್ಯಾಂಬ್ಟನ್ 1804ರಲ್ಲಿ ಬೆಂಗಳೂರಿನ ಬಳಿ ಇನ್ನೊಂದು ಆಧಾರ ಗೆರೆಯನ್ನು ನೆಲದ ಮೇಲೆಯೇ ಸರಪಳಿ ಹಾಕಿ ಅಳೆಸಿದನು. ಮದ್ರಾಸಿನಿಂದ ತ್ರಿಕೋನಗಳ ಲೆಕ್ಕದ ಮೂಲಕ ಬಂದ ಉದ್ದವೂ ನೆಲದ ಮೇಲೆ ಅಳೆದ ಉದ್ದವೂ ಕೂಡುತ್ತವೆಯೇ ಎಂದು ನೋಡುವುದು ಅವನ ಉದ್ದೇಶ. ಕೆಲವೇ ಅಂಗುಲಗಳ ವ್ಯತ್ಯಾಸ ಕಂಡುಬಂತು. ಲೆಕ್ಕದ ದಾರಿ ಸರಿಯಾಗಿದೆ ಎಂಬ ಧೈರ್ಯ ಬಂದದ್ದು ಆಗ.

ಸರಪಳಿಯೇ ತಪ್ಪಾಗಿದ್ದರೆ? ಬಿಸಿಲಿಗೆ ಉಕ್ಕು ಹಿಗ್ಗುತ್ತದೆಂದು ಸರಪಳಿಗೆ ನೆರಳು ಮಾಡಿ, ಉಷ್ಣತೆ ಗುರುತಿಸಿ, ಮಾನಕ ಅಳತೆಯೊಂದಿಗೆ ಅದನ್ನೂ ಹೋಲಿಸಿ ನೋಡುತ್ತಿದ್ದರು. ಹೀಗೆ ಪ್ರತಿ ಅಳತೆಯೂ ತನಗಿಂತ ಮೇಲಿನ ಇನ್ನೊಂದು ಅಳತೆಯ ಮುಂದೆ ಪರೀಕ್ಷೆಗೆ ನಿಲ್ಲಬೇಕು. ಇಂದು ನಮ್ಮ ದೇಶದಲ್ಲಿ ಈ ಸಾಲಿನ ತುದಿಯಲ್ಲಿರುವುದು ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. ಭಾರತೀಯ ಕಾಲಮಾನವನ್ನು ಕಾಯುವ ಪರಮಾಣು ಗಡಿಯಾರಗಳಿರುವುದೂ ಅಲ್ಲಿಯೇ.

ಇದೇ ಸರ್ವೆಯ ಮುಂದುವರಿಕೆಯಾಗಿ 1856ರಲ್ಲಿ ಪ್ರಕಟವಾದ ಎವರೆಸ್ಟ್ ಶಿಖರದ ಎತ್ತರ 29,002 ಅಡಿ. ಲೆಕ್ಕದಲ್ಲಿ ಬಂದದ್ದು ಸರಿಯಾಗಿ 29,000 ಅಡಿ, ಜನ ಇದನ್ನು ಅಂದಾಜೆಂದು ತಿಳಿದಾರೆಂದು ಎರಡು ಅಡಿ ಸೇರಿಸಿದರು ಎಂಬ ಕಥೆಯೊಂದು ಬಹಳ ಕಾಲದಿಂದ ಪ್ರಚಾರದಲ್ಲಿದೆ. ಕಥೆ ಕಟ್ಟಿದ್ದೇ ಆಗಿದ್ದರೂ ಅದು ಹೇಳುವ ಮನುಷ್ಯಸ್ವಭಾವ ಮಾತ್ರ ನಿಜ. ದುಂಡು ಸಂಖ್ಯೆಯನ್ನು ಅನುಮಾನಿಸುತ್ತೇವೆ, ಬಿಡಿ ಸಂಖ್ಯೆಯನ್ನು ನಂಬುತ್ತೇವೆ. ಭಾರತದ ಸರ್ವೆ ಇಲಾಖೆ 1955ರಲ್ಲಿ ಈ ಎತ್ತರವನ್ನು 8,848 ಮೀಟರ್ ಎಂದು ಪರಿಷ್ಕರಿಸಿತು. 2020ರಲ್ಲಿ ನೇಪಾಳ ಮತ್ತು ಚೀನಾ ಜಂಟಿಯಾಗಿ 8,848.86 ಮೀಟರ್ ಎಂದು ಘೋಷಿಸಿದವು.

ಮನೆಯೊಳಗಿನ ಉಪಕರಣಗಳು

ಈಗ ಮನೆಗೆ ಬರೋಣ. ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರ್ 98.9 ಎಂದು ತೋರಿಸಿದೊಡನೆ ತಾಯಂದಿರಿಗೆ ಗಾಬರಿ. 98.6 ತಾನೆ ಆರೋಗ್ಯವಂತರ ಉಷ್ಣತೆ, 0.3 ಹೆಚ್ಚಾಯಿತಲ್ಲ ಎಂಬ ಚಿಂತೆ. ಈ 98.6 ಎಲ್ಲಿಂದ ಬಂತು ಎಂದು ತಿಳಿದರೆ ಚಿಂತೆ ಸ್ವಲ್ಪ ಕಡಿಮೆಯಾಗಬಹುದು. ಜರ್ಮನಿಯ ವೈದ್ಯ ಕಾರ್ಲ್ ವುಂಡರ್ಲಿಷ್ ಸಾವಿರಾರು ರೋಗಿಗಳ ಉಷ್ಣತೆ ಅಳೆದು 1868ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸರಾಸರಿಯಾಗಿ 37 ಡಿಗ್ರಿ ಸೆಲ್ಸಿಯಸ್ ಎಂಬ ಬೆಲೆ ಕೊಟ್ಟನು. ಅದೊಂದು ದುಂಡು ಸಂಖ್ಯೆ. ಅದನ್ನು ಫ್ಯಾರನ್‌ಹೀಟಿಗೆ ಪರಿವರ್ತಿಸಿದಾಗ 98.6 ಆಯಿತು. ಆ ದಶಮಾಂಶ ಹುಟ್ಟಿದ್ದು ಗುಣಾಕಾರದಿಂದ, ಮನುಷ್ಯನ ಮೈಯಿಂದಲ್ಲ. ಅಮೆರಿಕದಲ್ಲಿ 1992ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಆರೋಗ್ಯವಂತರ ಸರಾಸರಿ 98.2 ಎಂದು ಕಂಡುಬಂತು. ಮೈಯ ಉಷ್ಣತೆ ಬೆಳಗಿನ ಜಾವ ಕಡಿಮೆ, ಸಂಜೆಗೆ ಹೆಚ್ಚು. ಬಾಯಲ್ಲಿ ನೋಡಿದ್ದಕ್ಕಿಂತ ಕಂಕುಳಲ್ಲಿ ನೋಡಿದ್ದು ಕಡಿಮೆ. ಸಾಮಾನ್ಯವಾಗಿ 100.4 ಡಿಗ್ರಿ ಮುಟ್ಟಿದರೆ ಜ್ವರವೆಂದು ವೈದ್ಯರು ಪರಿಗಣಿಸುತ್ತಾರೆ. ದಶಮಾಂಶವನ್ನು ದಿಟ್ಟಿಸುವುದಕ್ಕಿಂತ ಮಗು ಹೇಗಿದೆ, ಆಡುತ್ತಿದೆಯೇ, ಹಾಲು ಕುಡಿಯುತ್ತಿದೆಯೇ ಎಂದು ನೋಡುವುದು ಹೆಚ್ಚಿನ ಸಾಕ್ಷಿ.

ರಕ್ತದ ಸಕ್ಕರೆ ಅಳೆಯುವ ಪುಟ್ಟ ಯಂತ್ರಗಳು ಈಗ ಎಷ್ಟೋ ಮನೆಗಳಲ್ಲಿವೆ. ಬೆಳಿಗ್ಗೆ 128 ತೋರಿಸಿದ್ದು ಐದು ನಿಮಿಷದ ನಂತರ 136 ತೋರಿಸಿತೆಂದು ಹಿರಿಯರು ತಿಂಡಿಯನ್ನೇ ಬಿಡುವುದುಂಟು. ಇಂಥ ಯಂತ್ರಗಳಿಗೆ 2013ರಲ್ಲಿ ಪರಿಷ್ಕರಿಸಿದ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ, ಸಕ್ಕರೆ 100 ಅಥವಾ ಅದಕ್ಕಿಂತ ಹೆಚ್ಚಿದ್ದಾಗ ನೂರರಲ್ಲಿ ತೊಂಬತ್ತೈದು ಅಳತೆಗಳು ನಿಜದ ಬೆಲೆಯಿಂದ ಶೇಕಡಾ 15ರೊಳಗೆ ಇದ್ದರೆ ಸಾಕು. ಅಂದರೆ ನಿಜದ ಬೆಲೆ 130 ಇದ್ದಾಗ ಯಂತ್ರ 110ರಿಂದ 150ರ ನಡುವೆ ಏನು ತೋರಿಸಿದರೂ ಅದು ಕೆಟ್ಟಿದೆ ಎನ್ನುವಂತಿಲ್ಲ. ಮೂರಂಕಿಯ ಪ್ರಿಸಿಷನ್ ಕಂಡು ಅಷ್ಟೇ ಆಕ್ಯುರಸಿ ಇದೆಯೆಂದು ಭಾವಿಸಬಾರದು. ಒಂದು ಅಳತೆಯನ್ನು ನಂಬಿ ಮಾತ್ರೆಯ ಪ್ರಮಾಣವನ್ನು ತಾವೇ ಬದಲಿಸುವುದು ಅಪಾಯ. ಆಗಾಗ ಪ್ರಯೋಗಾಲಯದ ಪರೀಕ್ಷೆಯೊಂದಿಗೆ ಯಂತ್ರವನ್ನು ಹೋಲಿಸಿ ನೋಡಬೇಕು, ತೀರ್ಮಾನವನ್ನು ವೈದ್ಯರಿಗೆ ಬಿಡಬೇಕು.

ಅಂಗಡಿಯ ತೂಕದ ವಿಷಯವೂ ಹೀಗೆಯೇ. ಹಿಂದೆ ತಕ್ಕಡಿ, ತೂಕದ ಬಟ್ಟು ಇದ್ದಾಗ ಗಿರಾಕಿಗಳು ಕಣ್ಣಿಟ್ಟು ನೋಡುತ್ತಿದ್ದರು. ಈಗ ವಿದ್ಯುನ್ಮಾನ ತಕ್ಕಡಿಯ ಕೆಂಪು ಅಂಕಿಗಳು ಕಂಡರೆ ಪ್ರಶ್ನೆಯೇ ಏಳುವುದಿಲ್ಲ. ಒಂದು ಕಿಲೋ ಬೇಳೆಯನ್ನು ಹತ್ತು ಸಲ ಇಟ್ಟರೂ ಅದು ಹತ್ತು ಸಲವೂ ಒಂದೇ ತೂಕ ತೋರಿಸಬಹುದು. ಹತ್ತು ಸಲವೂ 50 ಗ್ರಾಂ ಹೆಚ್ಚಾಗಿ ತೋರಿಸುತ್ತಿದ್ದರೆ? ಅದನ್ನು ಆ ಅಂಕಿಗಳು ಹೇಳಲಾರವು. ತಟ್ಟೆ ಖಾಲಿಯಿದ್ದಾಗ ಸೊನ್ನೆ ಇದೆಯೇ ಎಂದು ನೋಡುವುದು ಮೊದಲ ಹೆಜ್ಜೆ. ಇದು ವರ್ನಿಯರಿನ ಶೂನ್ಯ ದೋಷವೇ. ಕಾನೂನು ಮಾಪನಶಾಸ್ತ್ರ ಇಲಾಖೆಯವರು ನಿಗದಿತ ಅವಧಿಗೊಮ್ಮೆ ಮಾನಕ ಬಟ್ಟುಗಳನ್ನಿಟ್ಟು ಪರೀಕ್ಷಿಸಿ ಹಾಕುವ ಮುದ್ರೆ ಇದೆಯೇ ಎಂದು ನೋಡುವುದು ಎರಡನೆಯದು. ಆ ಮುದ್ರೆಯೇ ಹೊರಗಿನ ಸಾಕ್ಷಿ. ಅದನ್ನು ಕೇಳುವ ಹಕ್ಕು ಗಿರಾಕಿಗೆ ಇದೆ.

ಉತ್ತರಪತ್ರಿಕೆಯಲ್ಲಿ

ವಿದ್ಯಾರ್ಥಿಗಳು ಗಮನಿಸಬೇಕಾದ ಎರಡು ಮಾತುಗಳಿವೆ. ಲೆಕ್ಕ ಮಾಡುವ ಯಂತ್ರ ಎಂಟು ಹತ್ತು ಅಂಕಿಗಳನ್ನು ತೋರಿಸುತ್ತದೆಂದು ಅವನ್ನೆಲ್ಲ ಉತ್ತರದಲ್ಲಿ ಇಳಿಸುವುದು ಸರಿಯಲ್ಲ. ಮಿಲಿಮೀಟರ್ ಗೆರೆಗಳಿರುವ ಅಳತೆಪಟ್ಟಿಯಿಂದ ಅಳೆದ ಉದ್ದವನ್ನು ಮೂರರಿಂದ ಭಾಗಿಸಿ 8.4333333 ಸೆಂಟಿಮೀಟರ್ ಎಂದು ಬರೆದರೆ, ಅಳೆಯದೇ ಇರುವುದನ್ನು ಅಳೆದೆನೆಂದು ಹೇಳಿದಂತಾಗುತ್ತದೆ. ಸಾರ್ಥಕ ಅಂಕಿಗಳ ನಿಯಮವನ್ನು ಕಲಿಸುವುದು ಈ ಸುಳ್ಳನ್ನು ತಡೆಯುವುದಕ್ಕಾಗಿ. ಅದೊಂದು ಪ್ರಾಮಾಣಿಕತೆಯ ನಿಯಮ.

ಎರಡನೆಯದು, ಮುಂದೆ ಉನ್ನತ ವ್ಯಾಸಂಗಕ್ಕೆ ಹೋದಾಗ ಎದುರಾಗುವ ಒಂದು ಸೂಕ್ಷ್ಮ. 1994ರಲ್ಲಿ ಬಂದ ಅಂತರರಾಷ್ಟ್ರೀಯ ಮಾನದಂಡವೊಂದು ನಿಜದ ಬೆಲೆಗೆ ಸರಾಸರಿ ಎಷ್ಟು ಹತ್ತಿರ ಎಂಬುದಕ್ಕೆ 'ಟ್ರೂನೆಸ್' ಎಂಬ ಹೊಸ ಪದವನ್ನು ಬಳಸಿ, ಟ್ರೂನೆಸ್ ಮತ್ತು ಪ್ರಿಸಿಷನ್ ಎರಡೂ ಸೇರಿದಾಗ ಆಕ್ಯುರಸಿ ಎಂದು ಹೇಳಿತು. ಆ ಲೆಕ್ಕದಲ್ಲಿ ಮಾವಿನ ಮರದ ಕೆಳಗಿನ ಮೂರನೆಯ ಹುಡುಗನಿಗೆ ಟ್ರೂನೆಸ್ ಇದೆ, ಪೂರ್ತಿ ಆಕ್ಯುರಸಿ ಇರುವುದು ನಾಲ್ಕನೆಯವನಿಗೆ ಮಾತ್ರ. ಶಾಲೆ, ಪಿಯುಸಿ ಮಟ್ಟದಲ್ಲಿ ಹಳೆಯ ವಿಭಜನೆಯೇ ಸಾಕು. ಪ್ರಿಸಿಷನ್ ಮಾತ್ರದಿಂದ ಆಕ್ಯುರಸಿ ಬರುವುದಿಲ್ಲ ಎಂಬ ಮಾತು ಎರಡರಲ್ಲಿಯೂ ಒಂದೇ.

ಕೊನೆಯದಾಗಿ ತಂದೆತಾಯಿಗಳಿಗೆ ಒಂದು ಮಾತು. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 616 ಬಂದರೆ ಶೇಕಡಾ 98.56. ಪಕ್ಕದ ಮನೆಯ ಮಗುವಿಗೆ 618 ಬಂದರೆ ಶೇಕಡಾ 98.88. ಈ 0.32ರ ವ್ಯತ್ಯಾಸಕ್ಕಾಗಿ ಎಷ್ಟೋ ಮನೆಗಳಲ್ಲಿ ಫಲಿತಾಂಶದ ದಿನ ಒಲೆ ಹಚ್ಚುವುದಿಲ್ಲ. ಅಂಕ ಸುಳ್ಳೆಂದಲ್ಲ, ಕಾಲೇಜಿನ ಸೀಟು ಹಂಚಲು ಒಂದು ಅಳತೆ ಬೇಕು, ಅದು ಆ ಕೆಲಸ ಮಾಡುತ್ತದೆ. ಆದರೆ ಎರಡು ದಶಮಾಂಶ ಸ್ಥಾನಗಳವರೆಗೆ ಬರೆದಿರುವುದು ಅದರ ಪ್ರಿಸಿಷನ್ ಮಾತ್ರ. ಮಗು ನಿಜಕ್ಕೂ ಎಷ್ಟು ಕಲಿತಿದೆ ಎಂಬುದು ಮಂಜಿನ ಹಿಂದಿನ ಹಣ್ಣು. ಅದನ್ನು ತಿಳಿಯಲು ಅಂಕಪಟ್ಟಿಯ ಹೊರಗಿನ ಸಾಕ್ಷಿ ಬೇಕು. ಕಲಿತದ್ದನ್ನು ತಮ್ಮನಿಗೆ ಅರ್ಥವಾಗುವಂತೆ ಹೇಳಬಲ್ಲಳೇ, ಕಾಣದ ಲೆಕ್ಕವನ್ನು ಕೈಗೆತ್ತಿಕೊಳ್ಳಬಲ್ಲನೇ, ತಿಳಿಯದ್ದನ್ನು ತಿಳಿಯದು ಎಂದು ಒಪ್ಪಿಕೊಳ್ಳಬಲ್ಲರೇ ಎಂದು ನೋಡಬೇಕು. ಆ ಪರೀಕ್ಷೆ ನಡೆಸಲು ಮನೆಯವರಿಗಿಂತ ಹತ್ತಿರದವರು ಬೇರೆ ಯಾರಿದ್ದಾರೆ?